ಗದ್ದೆ ಉಳಿದರೆ ಹಾಡಿ, ಹಾಡಿ ಉಳಿದರೆ ನೀರು

ಕುಂದಾಪುರದಿಂದ ತೆಂಕಣ ದಿಕ್ಕಿಗೆ ಹೆದ್ದಾರಿ ಹಿಡಿದು ಹೊರಟರೆ, ಕೋಟೇಶ್ವರವನ್ನು ದಾಟಿದೊಡನೆ ದೊರೆಯುವ ಗ್ರಾಮ ಬೀಜಾಡಿ. ಪಡುವಣಕ್ಕೆ ಅರಬ್ಬೀ ಸಮುದ್ರ; ಮೂಡಣಕ್ಕೆ ತೆಂಗಿನ ತೋಟ, ಗದ್ದೆಯ ಬಯಲು, ಅದರಾಚೆ ಮೆಲ್ಲನೆ ಏರುವ ಮುರಕಲ್ಲಿನ ನೆಲ. ಕಳೆದ ಬೇಸಿಗೆಯಲ್ಲಿ ಒಂದು ಮದುವೆಯ ನಿಮಿತ್ತ ಈ ಊರಿನ ಪರಿಚಿತರೊಬ್ಬರ ಮನೆಯಲ್ಲಿ ಎರಡು ದಿನ ತಂಗುವ ಸಂದರ್ಭ ಒದಗಿತ್ತು. ಬೆಳಗ್ಗೆ ಬಾವಿಕಟ್ಟೆಯ ಬಳಿ ಮುಖ ತೊಳೆಯಹೋದವನಿಗೆ ಆ ಮನೆಯ ಹಿರಿಯ ಅಜ್ಜಿ, “ಬಾಯಿಗೆ ಹಾಕ್‌ಬೇಡ ಮಗಾ, ಉಪ್ಪು” ಎಂದರು. ತಾವು ಮದುವೆಯಾಗಿ ಬಂದ ಕಾಲಕ್ಕೆ ವೈಶಾಖದಲ್ಲೂ ಆ ಬಾವಿಯ ನೀರು ಎಳನೀರಿನಂತಿತ್ತಂತೆ. “ಗದ್ದೆ ಬಿಟ್ರ್, ಹಾಡಿ ಹ್ವಾಯ್ತ್, ಅದ್ರ ಹಿಂದೆ ನೀರೂ ಹ್ವಾಯ್ತ್” ಎಂದು ಅವರು ನಿಟ್ಟುಸಿರುಬಿಟ್ಟರು.

ಅಕ್ಷರ ಕಲಿಯದ ಆ ತಾಯಿ ಹೇಳಿದ ಮಾತಿನಲ್ಲಿ ಒಂದು ಕ್ರಮವಿತ್ತು. ಮೊದಲು ಗದ್ದೆ, ಆಮೇಲೆ ಹಾಡಿ, ಕೊನೆಗೆ ನೀರು. ಕಾಡು ನಾಶವಾದುದರಿಂದ ನಾಡು ಕೆಟ್ಟಿತು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಊರಿನ ಬೇಸಾಯ ಕೆಟ್ಟುದರಿಂದಲೇ ಕಾಡು ಕೆಟ್ಟಿತೆಂಬ ಮಾತನ್ನು ಹೇಳುವವರು ವಿರಳ. ಈ ಸಂಚಿಕೆಯಲ್ಲಿ ಆ ಮಾತನ್ನೇ ಓದುಗ ಬಂಧುಗಳೊಡನೆ ವಿಚಾರ ಮಾಡಬಯಸುತ್ತೇನೆ.

ಹಾಡಿ ಎಂದರೇನು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಊರಿಗೆ ಅಂಟಿಕೊಂಡಿರುವ ಚಿಕ್ಕ ಕಾಡಿಗೆ ಹಾಡಿ ಎಂದು ಹೆಸರು. ಘಟ್ಟದ ಕೆಳಗಿನ ಕೊಲ್ಲೂರು, ಹೊಸಂಗಡಿಗಳ ಹೆಗ್ಗಾಡು ಬೇರೆ, ಮನೆಯ ಹಿಂದಿನ ಹಾಡಿ ಬೇರೆ. ಹೆಗ್ಗಾಡಿಗೆ ಹೋಗಲು ಎದೆಗಾರಿಕೆ ಬೇಕು; ಹಾಡಿಗೆ ಹೋಗಲು ಹೆಡಿಗೆ ಸಾಕು. ಮತ್ತಿ, ನೇರಳೆ, ಹೊನ್ನೆ, ಹೆಬ್ಬಲಸು, ಕಾಟುಮಾವು, ಮುರುಗಲು, ರೆಂಜೆ, ಬೈನೆ, ನೆಲದಲ್ಲಿ ಕೇಪಳ, ಕರಂಡೆ, ಮರದಿಂದ ಮರಕ್ಕೆ ಹಬ್ಬಿದ ಬಳ್ಳಿಗಳು ಇವೆಲ್ಲ ಅಲ್ಲಿದ್ದವು. ಅದರ ನಡುವೆ ನಾಗಬನವೊಂದಿದ್ದರೆ ಅಲ್ಲಿ ಕತ್ತಿಯೇ ಆಡುತ್ತಿರಲಿಲ್ಲ.

ಈ ಹಾಡಿಗೂ ಗದ್ದೆಗೂ ಇದ್ದ ಸಂಬಂಧ ತಾಯಿಮಕ್ಕಳ ಸಂಬಂಧದಂತಿತ್ತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಕಡಲಿಗೆ ಹೋಗುತ್ತದೆ. ಹೀಗೆ ತೊಳೆದುಹೋದ ಸಾರವನ್ನು ಪ್ರತಿವರ್ಷ ಗದ್ದೆಗೆ ಮರಳಿ ತುಂಬುತ್ತಿದ್ದುದು ಹಾಡಿಯ ಸೊಪ್ಪು. ಸೊಪ್ಪನ್ನೂ ತರಗೆಲೆಯನ್ನೂ ತಂದು ಹಟ್ಟಿಗೆ ಹಾಸುವುದು, ದನಗಳ ಗಂಜಲ ಸಗಣಿಗಳಲ್ಲಿ ಅದು ಕೊಳೆತು ಗೊಬ್ಬರವಾಗುವುದು, ಮಳೆಗಾಲದ ಮುನ್ನ ಅದನ್ನು ಬೈಲು, ಮಜಲು, ಬೆಟ್ಟು ಗದ್ದೆಗಳಿಗೆ ಹೊರುವುದು, ಇದು ಶತಮಾನಗಳ ಪದ್ಧತಿ. ಬಸ್ರೂರಿನ ಬಂದರಿನಿಂದ ಒಂದು ಕಾಲಕ್ಕೆ ಹೊರನಾಡುಗಳಿಗೆ ಹೋಗುತ್ತಿದ್ದ ಅಕ್ಕಿಯು ಈ ಹಾಡಿಗಳ ಸೊಪ್ಪಿನಿಂದಲೇ ಬೆಳೆದುದೆಂದರೆ ಅತಿಶಯೋಕ್ತಿಯಲ್ಲ. ಈ ಸೀಮೆಯನ್ನು ಆಳಿದ ಕೆಳದಿಯ ಶಿವಪ್ಪನಾಯಕನು (1645–1660) ಭೂಮಿಯ ಗುಣವನ್ನು ನೋಡಿ ಕಂದಾಯ ಕಟ್ಟಿದ ‘ಶಿಸ್ತು’ ನಮ್ಮ ಓದುಗರಿಗೆ ಅಪರಿಚಿತವಲ್ಲ. ಭೂಮಿಯ ಗುಣವೆಂಬುದು ಬರಿಯ ಗದ್ದೆಯ ಗುಣವಲ್ಲ. ಅದರ ಬೆನ್ನಿಗಿರುವ ಕಾಡಿನ ಗುಣವೂ ಹೌದು.

ಈ ನಂಟನ್ನು ಬ್ರಿಟಿಷರ ಕಾನೂನೂ ಒಪ್ಪಬೇಕಾಯಿತು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಳೆಯ ವರ್ಗ ಭೂಮಿಯ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲುಗಳನ್ನು ತರಲು ವರ್ಗದಾರನಿಗೆ ಸವಲತ್ತಿತ್ತು. ಇದೇ ‘ಕುಮ್ಕಿ’. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ‘ಸೊಪ್ಪಿನ ಬೆಟ್ಟ’ವನ್ನು ಬಿಟ್ಟುಕೊಟ್ಟುದೂ ಇದೇ ಬಗೆಯದು. ಕುಮ್ಕಿಯ ಒಡೆತನ ಸರ್ಕಾರದ್ದು, ಬಳಕೆ ರೈತನದು. ಮಾರುವಂತಿಲ್ಲ, ಉಳುವಂತಿಲ್ಲ, ಉಪಯೋಗಿಸಬಹುದು. ಮುಂದಿನ ವರ್ಷವೂ ಸೊಪ್ಪು ಬೇಕಾದವನು ಈ ವರ್ಷ ಮರವನ್ನು ಬುಡಸಹಿತ ಕಡಿಯಲಾರ. ಹೀಗೆ ಬಳಸುವವನೇ ಕಾವಲುಗಾರನೂ ಆಗಿದ್ದನು.

ಹಾಗೆಂದು ಹಿಂದಿನದೆಲ್ಲ ಸತ್ಯಯುಗವಾಗಿತ್ತೆಂದು ಬರೆಯಲು ಮನಸ್ಸೊಪ್ಪದು. ಸೊಪ್ಪಿನ ಕತ್ತಿಯನ್ನು ಮಿತಿಮೀರಿ ಆಡಿಸಿದ ಎಷ್ಟೋ ಗುಡ್ಡಗಳು ಬೋಳಾದವು. ಮಣ್ಣು ಕೊಚ್ಚಿಹೋಗಿ ಮುರಕಲ್ಲು ಮೇಲೆದ್ದಿತು. ಕರಾವಳಿಯ ಹಂಚಿನ ಕಾರ್ಖಾನೆಗಳ ಗೂಡುಗಳು ಸೌದೆಯನ್ನು ನುಂಗಿದುವು. ಸವಲತ್ತೂ ಎಲ್ಲರಿಗೂ ಸಮನಾಗಿರಲಿಲ್ಲ. ವರ್ಗದಾರನ ಹೆಸರಿನಲ್ಲಿ ಕುಮ್ಕಿ ಇದ್ದಿತೇ ಹೊರತು ಗೇಣಿದಾರನ ಹೆಸರಿನಲ್ಲಲ್ಲ. ಹಾಡಿಯ ಬಳ್ಳಿ ಬಿದಿರುಗಳಿಂದ ಬುಟ್ಟಿ ಹೆಣೆದು ಬದುಕುವ ಕೊರಗ ಬಂಧುಗಳಿಗೆ ಯಾವ ಕಾಗದವೂ ಇರಲಿಲ್ಲ. ಹಾಡಿಯನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿಕೊಂಡಿದ್ದವರು ಅವರು. ಅದು ಹೋದಾಗ ಎಲ್ಲರಿಗಿಂತ ಮೊದಲು ಕಳೆದುಕೊಂಡವರೂ ಅವರೇ.

ನಂಟು ಕಡಿದ ಬಗೆ

ಈ ನಂಟು ಒಂದೇ ದಿನದಲ್ಲಿ ಕಡಿಯಲಿಲ್ಲ. ರಸಗೊಬ್ಬರದ ಚೀಲ ಬಂದಿತು; ಸೊಪ್ಪು ಹೊರುವ ಕಷ್ಟ ತಪ್ಪಿತು. ಅಡುಗೆ ಅನಿಲ ಬಂದಿತು. ಸೌದೆಯ ಅಗತ್ಯ ತಗ್ಗಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಅವರ ಮಕ್ಕಳು ಓದಿ ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಕೂಲಿಯಾಳುಗಳು ಸಿಗದಾದರು. ನಾಟಿಯ ಖರ್ಚು ಭತ್ತದ ಬೆಲೆಯನ್ನು ಮೀರಿತು. ಗದ್ದೆಗಳು ‘ಹಡಿಲು’ ಬಿದ್ದುವು. ಹಟ್ಟಿಗಳಲ್ಲಿ ದನಗಳು ಇಲ್ಲವಾದುವು. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾರನ್ನೂ ದೂರಲು ಬರುವುದಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಸವೆದ ತಾಯಂದಿರು ಗ್ಯಾಸಿನ ಒಲೆಯನ್ನು ಬಯಸಿದುದು ತಪ್ಪೆಂದು ಹೇಳುವ ಅಧಿಕಾರ ನಮಗಾರಿಗಿದೆ?

ಆದರೆ ಎಲ್ಲವೂ ಕೂಡಿದಾಗ ಆದುದೇನು? ಹಾಡಿ ಯಾರಿಗೂ ಬೇಡವಾಯಿತು. ಬೇಡವಾದ ವಸ್ತುವಿಗೆ ಬೆಲೆ ಕಟ್ಟುವವರು ಬೇರೆ ಕಡೆಯಿಂದ ಬಂದರು. ಒಂದು ಕಡೆ ಕೆಂಪುಕಲ್ಲಿನ ಕೋರೆಯವರು, ಮತ್ತೊಂದು ಕಡೆ ಮನೆ ನಿವೇಶನದವರು. ಮೂಡಣ ದಿಕ್ಕಿನ ಜಡ್ಕಲ್, ಮುದೂರುಗಳ ಕಡೆಗೆ ರಬ್ಬರ್ ಹಬ್ಬಿತು. ಅಡಕೆಗೆ ಬೆಲೆ ಬಂದಾಗ ಗದ್ದೆಯೂ ಹಾಡಿಯೂ ತೋಟವಾದುವು. ‘ಅಕ್ರಮ ಸಕ್ರಮ’ದ ಅರ್ಜಿಗೆ ಸಾಗುವಳಿಯ ಗುರುತು ಬೇಕಾಗಿದ್ದುದರಿಂದ ಮರವಿದ್ದ ನೆಲವನ್ನು ಬೋಳು ಮಾಡಿ ತೋರಿಸುವ ವಿಪರ್ಯಾಸವೂ ನಡೆಯಿತು.

ಸರ್ಕಾರವೂ ಇದರಲ್ಲಿ ಹಿಂದೆ ಬೀಳಲಿಲ್ಲ. ಬೋಳುಗುಡ್ಡಗಳನ್ನು ಹಸುರಾಗಿಸುವ ಉತ್ಸಾಹದಲ್ಲಿ 1980ರ ದಶಕದಿಂದೀಚೆಗೆ ಕರಾವಳಿಯುದ್ದಕ್ಕೂ ಅಕೇಶಿಯಾ ನೆಡಲಾಯಿತು. ದೂರದಿಂದ ನೋಡಿದರೆ ಅದೂ ಹಸುರೇ. ಆದರೆ ಅದರ ಸೊಪ್ಪನ್ನು ದನ ತಿನ್ನದು, ಎಲೆ ಬೇಗ ಕೊಳೆಯದು, ಹಣ್ಣನ್ನರಸಿ ಮಂಗಟ್ಟೆ ಹಕ್ಕಿ ಬಾರದು. ಅಲ್ಲಿ ಹಸುರಿಗೆ ಕೊರತೆಯಿಲ್ಲ, ಜೀವವೈವಿಧ್ಯಕ್ಕೆ ಕೊರತೆ. ಒಂದೇ ಜಾತಿಯ ಸಾವಿರ ಮರಗಳಿಗೂ ನೂರು ಜಾತಿಯ ಸಾವಿರ ಮರಗಳಿಗೂ ಇರುವ ಅಂತರವನ್ನು ನಾವು ಬಹಳ ತಡವಾಗಿ ಅರಿತೆವು.

ಗೇರುಬೀಜದ ಕಥೆ ಇನ್ನೂ ಕಹಿಯಾದುದು. ಅರಣ್ಯ ಇಲಾಖೆಯ ಗೇರು ನೆಡುತೋಪುಗಳನ್ನು ನೋಡಿಕೊಳ್ಳಲು 1978ರಲ್ಲಿ ರಾಜ್ಯದ ಗೇರು ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಗೇರು ಬಡವರ ಕೈಗೆ ಕೆಲಸ ಕೊಟ್ಟ ಬೆಳೆ ಎಂಬುದು ನಿಜ. ಆದರೆ ಸಾವಿರಾರು ಎಕರೆ ಒಂದೇ ಬೆಳೆಯಾದಾಗ ಕೀಟವೂ ಬಂದಿತು. ಕೀಟಕ್ಕೆಂದು ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕಾಸರಗೋಡಿನಲ್ಲಿಯೂ ನಮ್ಮ ಕರಾವಳಿ ಜಿಲ್ಲೆಗಳಲ್ಲಿಯೂ ಅದರ ಫಲವನ್ನು ಹುಟ್ಟುವ ಕೂಸುಗಳು ಉಂಡುವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ತಡೆಯುವ ವೇಳೆಗೆ ಒಂದು ತಲೆಮಾರಿನ ತಾಯಂದಿರು ಕಣ್ಣೀರಲ್ಲಿ ಕೈತೊಳೆದಿದ್ದರು.

ಇಂಥದೇ ಇನ್ನೊಂದು ಪಾಠವನ್ನು ಮಂಗನ ಕಾಯಿಲೆ ಕಲಿಸಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಈ ರೋಗವು ಉಣುಗುಗಳಿಂದ ಹರಡುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆ, ನಿಡ್ಲೆಗಳ ಕಡೆ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಕಡಿದಾಗ ರೋಗ ಅಲ್ಲಿಯೂ ತಲೆಯೆತ್ತಿತು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಜನ ಮರಳಿ ಏಳಲಿಲ್ಲ. ಕಾಡಿನೊಳಗಿನ ಸಮತೋಲವೆಂಬುದು ಪುಸ್ತಕದ ಮಾತಲ್ಲ, ನಮ್ಮ ಮನೆಯ ಆರೋಗ್ಯದ ಮಾತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಉಪ್ಪಾಗೆಯ ಪಾಠ

ಬಳಕೆ ತಪ್ಪಿದ್ದರಿಂದ ಕಾಡು ಕೆಟ್ಟಿತು ಎಂದೆ. ಹಾಗಾದರೆ ಕಾಡಿನ ವಸ್ತುವಿಗೆ ಪೇಟೆಯಲ್ಲಿ ಬೆಲೆ ಬಂದರೆ ಕಾಡು ತಾನಾಗಿಯೇ ಉಳಿದೀತೆ? ಅದೂ ಸುಳ್ಳೆಂದು ಉಪ್ಪಾಗೆ ತೋರಿಸಿಕೊಟ್ಟಿತು.

ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯ ಒಣಸಿಪ್ಪೆಯನ್ನು ಹುಳಿಗೆ ಬಳಸುವುದೂ ಬೀಜದಿಂದ ತುಪ್ಪ ತೆಗೆಯುವುದೂ ಮಲೆನಾಡಿನ ಹಳೆಯ ರೂಢಿ. 1990ರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ಬೊಜ್ಜನ್ನು ಕರಗಿಸುತ್ತದೆಂದು ವಿದೇಶಗಳಲ್ಲಿ ಪ್ರಚಾರವಾಗಿ ಬೆಲೆ ಏಕಾಏಕಿ ಏರಿತು. ಮನೆಮಂದಿಯೆಲ್ಲ ಕಾಡಿಗೆ ನಡೆದರು. ನಾಳೆಗೆ ಬಿಟ್ಟರೆ ಬೇರೆಯವರು ಕೊಯ್ಯುತ್ತಾರೆಂಬ ಆತುರದಲ್ಲಿ ಎಳೆಯ ಕಾಯನ್ನೇ ಕೊಯ್ದರು; ಕೈಗೆಟುಕದ ಕೊಂಬೆಯನ್ನು ಕಡಿದರು; ಕೆಲವೆಡೆ ಮರವನ್ನೇ ಉರುಳಿಸಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದೆ ಬೆಂಕಿಯ ಮೇಲೆಯೇ ಒಣಗಿಸಬೇಕು. ಅದಕ್ಕೆ ಬೇಕಾದ ರಾಶಿ ಸೌದೆಯೂ ಅದೇ ಕಾಡಿನಿಂದ ಬಂದಿತು. ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಸಿಂಗಳೀಕಕ್ಕೆ ಉಪ್ಪಾಗೆಯ ಹಣ್ಣೂ ಆಹಾರ. ಅದರ ತುತ್ತನ್ನು ನಾವು ಕಸಿದೆವು. ಬೀಜವನ್ನೂ ಹೊತ್ತು ತಂದುದರಿಂದ ಮುಂದಿನ ಸಸಿಯನ್ನೂ ಕಸಿದೆವು. ಬಳಿಕ ಬೆಲೆ ಕುಸಿಯಿತು. ಕಡಿದ ಮರ ಮಾತ್ರ ಮರಳಿ ಬರಲಿಲ್ಲ.

ಹಾಡಿಯ ಸೊಪ್ಪಿಗೂ ಕಾಡಿನ ಉಪ್ಪಾಗೆಗೂ ಇದ್ದ ಭೇದ ಇಷ್ಟೆ. ಹಾಡಿಯ ಸೊಪ್ಪನ್ನು ಕೊಯ್ಯುವವನಿಗೆ ಈ ನೆಲ ನನ್ನ ಮೊಮ್ಮಗನಿಗೂ ಬೇಕೆಂಬ ನಂಬಿಕೆಯಿತ್ತು. ಉಪ್ಪಾಗೆ ಕೊಯ್ದವನಿಗೆ ನಾಳೆಯ ನಂಬಿಕೆಯೇ ಇರಲಿಲ್ಲ. ಬಳಕೆಯೊಡನೆ ಹೊಣೆ ಇದ್ದರೆ ಕಾಡು ಉಳಿಯುತ್ತದೆ. ಹೊಣೆಯಿಲ್ಲದ ಬಳಕೆ ಕಾಡನ್ನು ತಿನ್ನುತ್ತದೆ. ಬಳಕೆಯೂ ಇಲ್ಲ, ಹೊಣೆಯೂ ಇಲ್ಲವೆಂದಾದರೆ ಕಾಡನ್ನು ಹರಾಜಿಗಿಟ್ಟಂತೆಯೇ ಸರಿ.

ಕಾನೂನಿನ ಗೆರೆ, ಜನರ ಆತಂಕ

ಹೆಗ್ಗಾಡನ್ನು ಕಾಯಲು ಸರ್ಕಾರವು ಗೆರೆ ಎಳೆಯಿತು. 1974ರಲ್ಲಿ ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಜೀವಿಧಾಮಗಳು ಘೋಷಣೆಯಾದುವು. 247 ಚದರ ಕಿಲೋಮೀಟರಿನ ಮೂಕಾಂಬಿಕಾ ವನ್ಯಧಾಮವನ್ನು ಮುಂದೆ ಸುಮಾರು 370 ಚದರ ಕಿಲೋಮೀಟರಿಗೆ ವಿಸ್ತರಿಸಲಾಯಿತು. ಈ ಗೆರೆಗಳಿಲ್ಲದಿದ್ದರೆ ಕೊಲ್ಲೂರಿನ ಸುತ್ತಣ ಕಾಡು ಇಂದು ಈ ಮಟ್ಟಿಗಾದರೂ ಉಳಿಯುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಸೌಪರ್ಣಿಕಾ, ಚಕ್ರಾ, ವಾರಾಹಿ ನದಿಗಳ ನೀರು ಆ ಕಾಡುಗಳಿಂದಲೇ ಹರಿದು ಬಂದು ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುತ್ತದೆ.

ಆದರೆ ಗೆರೆಯ ಒಳಗೆ ಸಿಕ್ಕಿದವರ ಕಷ್ಟವನ್ನೂ ಕಾಣಬೇಕು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದೇ ಇರಲಿ, ಕಾಡಿನ ಲಕ್ಷಣವಿದ್ದುದೆಲ್ಲ ಕಾಡೇ ಎಂದಿತು. ಅದರಂತೆ ನಮ್ಮ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರು ‘ಡೀಮ್ಡ್ ಅರಣ್ಯ’ವೆಂದು ಪಟ್ಟಿಯಾಯಿತು. ಅದರಲ್ಲಿ ಕುಮ್ಕಿಯೂ ಸೇರಿತು, ಮನೆ ಕಟ್ಟಿಕೊಂಡ ಬಡವನ ಐದು ಸೆಂಟ್ಸೂ ಸೇರಿತು. ವರ್ಷಗಟ್ಟಲೆ ಜನ ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ 2022ರಲ್ಲಿ ಆ ಪಟ್ಟಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಪರಂಪರೆಯಿಂದ ಕಾಡಿನಲ್ಲಿರುವವರಿಗೆ ಹಕ್ಕು ಕೊಡುತ್ತೇನೆಂದಿತು. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತರಬೇಕೆಂದಿತು. ಹುಲ್ಲಿನ ಮಾಡಿನಲ್ಲಿ ಬಾಳಿದ ಅಜ್ಜ ಯಾವ ಕಾಗದವನ್ನು ಉಳಿಸಿಹೋಗಿದ್ದಾನು?

ಇದೇ ಅಪನಂಬಿಕೆ ಪಶ್ಚಿಮ ಘಟ್ಟದ ವರದಿಗಳಿಗೂ ಅಂಟಿತು. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟುವು. ಮೊದಲನೆಯದು ನಿರ್ಧಾರವನ್ನು ಗ್ರಾಮಸಭೆಗಳಿಂದ ಮೇಲಕ್ಕೆ ಕಟ್ಟಬೇಕೆಂದು ಹೇಳಿದ್ದಿತು. ಆದರೆ ಅದು ಹಳ್ಳಿಗೆ ಕನ್ನಡದಲ್ಲಿ ತಲುಪುವ ಮೊದಲೇ ಒಕ್ಕಲೆಬ್ಬಿಸುತ್ತಾರೆಂಬ ಗಾಳಿಸುದ್ದಿ ತಲುಪಿತು. 2014ರಿಂದ ಕರಡು ಅಧಿಸೂಚನೆಗಳು ಹೊರಡುತ್ತಲೇ ಬಂದು, 2024ರ ಜುಲೈ ಕೊನೆಯಲ್ಲಿ ಆರನೆಯದು ಬಂದಿತು. ಕರ್ನಾಟಕದ 20,668 ಚದರ ಕಿಲೋಮೀಟರನ್ನು ಅದು ಹೆಸರಿಸಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಅದನ್ನು ಒಪ್ಪಲಾಗದೆಂದು ತೀರ್ಮಾನಿಸಿತು. ಹತ್ತು ವರ್ಷಗಳ ಈ ಹಗ್ಗಜಗ್ಗಾಟದಲ್ಲಿ ಕಾಡಿಗೂ ನೆಮ್ಮದಿಯಿಲ್ಲ, ಕಾಡಂಚಿನ ಮನೆಗೂ ನೆಮ್ಮದಿಯಿಲ್ಲ.

ಕುಮ್ಕಿಯನ್ನು ರೈತರ ಹೆಸರಿಗೇ ಮಾಡಿಕೊಡಬೇಕೆಂಬ ಕೂಗು ಇಂದು ಕರಾವಳಿಯಲ್ಲಿ ಪ್ರಬಲವಾಗಿದೆ. ಅದರ ಹಿಂದಿರುವ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಪಟ್ಟೆ ಕೈಗೆ ಬಂದ ಮರುವರ್ಷ ಆ ಹಾಡಿಯಲ್ಲಿ ನೇರಳೆ, ಹೆಬ್ಬಲಸು ಇರುತ್ತವೆಯೇ, ರಬ್ಬರ್ ಇರುತ್ತದೆಯೇ, ಅಥವಾ ಕಲ್ಲಿನ ಕೋರೆಯ ಗುಂಡಿ ಇರುತ್ತದೆಯೇ? ಹಕ್ಕನ್ನು ಕೇಳುವವನು ಹಾಡಿಯನ್ನು ಹಾಡಿಯಾಗಿಯೇ ಉಳಿಸುವ ಮಾತನ್ನೂ ಕೊಟ್ಟರೆ ಆ ಕೂಗಿಗೆ ಬೇರೆಯೇ ತೂಕ ಬಂದೀತು.

ನಾವು ಮಾಡಬಹುದಾದುದು

ಕಾಡಿನ ವಿಚಾರ ಬಂದಾಗ ಇಲಾಖೆಯವರು, ಮಂತ್ರಿಗಳು ಮಾಡಲೆಂದು ಬಿಡುವುದು ನಮಗೆ ರೂಢಿ. ಆದರೆ ಈ ಪತ್ರಿಕೆಯನ್ನೋದುವ ಅನೇಕ ಮನೆಗಳಿಗೆ ಊರಿನಲ್ಲಿ ಒಂದಿಷ್ಟು ಗದ್ದೆ, ಒಂದು ತುಂಡು ಹಾಡಿ ಅಥವಾ ಬೆಟ್ಟ ಇನ್ನೂ ಉಳಿದಿದೆ.

ಮೊದಲನೆಯದು ಗದ್ದೆಯ ಮಾತು. ನಾಲ್ಕು ತಿಂಗಳು ನೀರು ನಿಲ್ಲುವ ಗದ್ದೆ ಬರಿಯ ಅಕ್ಕಿಯ ಮೂಲವಲ್ಲ. ಅದು ಊರಿನ ಬಾವಿಗೆ ನೀರಿಳಿಸುವ ಕೆರೆ. ಹಡಿಲು ಬಿದ್ದ ಗದ್ದೆಯ ಹುಣಿ ಒಡೆದುಹೋದರೆ ಮಳೆನೀರು ನಿಲ್ಲದೆ ಕಡಲಿಗೆ ಓಡುತ್ತದೆ. ಸಿಹಿನೀರಿನ ಒತ್ತಡ ತಗ್ಗಿದಲ್ಲಿ ಉಪ್ಪುನೀರು ಒಳನುಗ್ಗುತ್ತದೆ. ಬೀಜಾಡಿಯಂಥ ಕಡಲಂಚಿನ ಊರಿಗೆ ಇದು ಬದುಕಿನ ಪ್ರಶ್ನೆ. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನವೊಂದು ನಡೆದು ಅನೇಕ ಬಯಲುಗಳು ಮರಳಿ ಹಸುರಾದುವು. ತಾವೇ ಉಳಲಾರದವರು ಉಳುವವರಿಗೆ ಕೊಡಬಹುದು. ಅದೂ ಆಗದಿದ್ದರೆ ಹುಣಿಯನ್ನಾದರೂ ಕಟ್ಟಿಸಬಹುದು.

ಎರಡನೆಯದು ಹಾಡಿ. ಅಕೇಶಿಯಾ ತುಂಬಿದ ಜಾಗದಲ್ಲಿಯೂ ನೆರಳಿನಡಿ ನೇರಳೆ, ಮತ್ತಿಗಳ ಸಸಿಗಳು ತಾವಾಗಿಯೇ ಏಳುವುದುಂಟು. ಬೆಂಕಿ ಬೀಳದಂತೆ ನೋಡಿಕೊಂಡು, ಅಕೇಶಿಯಾವನ್ನು ಹಂತಹಂತವಾಗಿ ತೆಗೆದರೆ ಮಳೆಯೇ ತೋಟಗಾರನಾಗುತ್ತದೆ. ಮುರುಗಲಿನ ಶರಬತ್ತು, ಉಪ್ಪಾಗೆಯ ತುಪ್ಪ, ಕಾಡಿನ ಜೇನುಗಳನ್ನು ನಾಲ್ಕು ಕಾಸು ಹೆಚ್ಚು ಕೊಟ್ಟು ಊರವರಿಂದಲೇ ಕೊಳ್ಳುವುದು, ಹಣ್ಣಾದುದನ್ನಷ್ಟೇ ಕೊಯ್ದು ಮರವೊಂದರಲ್ಲಿ ಕೆಲವನ್ನು ಮಂಗಕ್ಕೂ ಹಕ್ಕಿಗೂ ಬಿಡುವಂತೆ ಹೇಳುವುದು ಪೇಟೆಯ ಗೃಹಿಣಿಯರ ಕೈಯಲ್ಲಿದೆ. ದುಡಿಮೆಯ ಫಲದಲ್ಲಿ ಪರರಿಗೂ ಪಾಲಿದೆ ಎಂಬುದನ್ನು ಕಾಯಕ ದಾಸೋಹಗಳ ಪರಂಪರೆಯ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಪರರಲ್ಲಿ ಮಂಗಟ್ಟೆಯೂ ಸಿಂಗಳೀಕವೂ ಸೇರಲಿ.

ಮೂರನೆಯದು ಬನ. ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟಿ ನಾಗಬನವನ್ನು ‘ಜೀರ್ಣೋದ್ಧಾರ’ ಮಾಡುವ ಚಟ ಕರಾವಳಿಯಲ್ಲಿ ಬೆಳೆದಿದೆ. ಬನವಿಲ್ಲದೆ ಬರಿಯ ಕಲ್ಲು ಉಳಿದರೆ ಅದು ನಾಗಬನ ಹೇಗಾದೀತು?

ನಾಲ್ಕನೆಯದು ಗ್ರಾಮ ಪಂಚಾಯತಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆಯ ಪುಸ್ತಕವನ್ನು ಅದು ಬರೆದಿಡಬೇಕು. ನಮ್ಮೂರಿನ ಪುಸ್ತಕದಲ್ಲಿ ಏನಿದೆಯೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಹಾಡಿಯ ಪ್ರತಿಯೊಂದು ಬಳ್ಳಿಯ ಹೆಸರನ್ನೂ ಬಲ್ಲ ಕೊರಗ ಅಜ್ಜಿಯನ್ನು ಆ ಸಮಿತಿಯಲ್ಲಿ ಕೂರಿಸಿದರೆ ಪುಸ್ತಕ ತಾನೇ ತುಂಬೀತು.

ಬೀಜಾಡಿಯಿಂದ ಹೊರಡುವ ದಿನ ಆ ಮನೆಯ ಅಜ್ಜಿ ನನ್ನ ಕೈಗೆ ಒಂದು ಪೊಟ್ಟಣ ಮುರುಗಲಿನ ಒಣಸಿಪ್ಪೆ ಕೊಟ್ಟರು. ಮನೆಯ ಹಿಂದೆ ಉಳಿದಿರುವ ಹತ್ತು ಸೆಂಟ್ಸ್ ಹಾಡಿಯಲ್ಲಿ ಒಂದೇ ಮುರುಗಲ ಮರವಿದೆಯಂತೆ. ಮೊಮ್ಮಗನು ಅಲ್ಲಿ ವಾಹನ ನಿಲ್ಲಿಸಲು ಮಾಡು ಕಟ್ಟಬೇಕೆಂದಿದ್ದಾಗ, “ನಾನು ಇಪ್ಪಲ್ಲಿವರೆಗೆ ಬ್ಯಾಡ” ಎಂದು ತಡೆದರಂತೆ. ಅಜ್ಜಿ ಇರುವವರೆಗೆ ಆ ಮರ ಉಳಿದೀತು. ಅನಂತರದ ಮಾತು ಮೊಮ್ಮಕ್ಕಳಾದ ನಮ್ಮ ಕೈಯಲ್ಲಿದೆ.